ಮೇಲೇರುವಾಗ ಇಂಧನ ಒತ್ತಡದ ಮುಳ್ಳು ಕುಣಿಯುತ್ತಿದೆ. ಪಂಪ್ ಬದಲಿಸಿದರೂ ಫಲವಿಲ್ಲ

ನವಲೂರು:
ಮೂವರು ಗೆಳೆಯರು ಸೇರಿ ಹುಬ್ಬಳ್ಳಿಯ ಹೊರಗಿನ ಶೆಡ್ಡಿನಲ್ಲಿ ಇಟ್ಟುಕೊಂಡಿರುವ ನಮ್ಮ ಎರಡು ಆಸನದ ವಿಮಾನಕ್ಕೆ ರೋಟಾಕ್ಸ್ 912 ಯುಎಲ್‌ಎಸ್ ಎಂಜಿನ್ ಇದೆ. ಮೂರು ವಾರಗಳಿಂದ, ನೆಲದ ಮೇಲೆ ನೆಟ್ಟಗೆ 4 ಪಿಎಸ್‌ಐ (ಒತ್ತಡದ ಅಳತೆ) ತೋರಿಸುವ ಮುಳ್ಳು, ವಿಮಾನ ಮೇಲೇರತೊಡಗಿದ ಕೂಡಲೇ 2ಕ್ಕೆ ಕುಸಿದು ಅಲ್ಲಿಯೇ ನಡುಗುತ್ತಿದೆ. ಎಂಜಿನ್ ಮಾತ್ರ ಒಮ್ಮೆಯೂ ಕೆಮ್ಮಿಲ್ಲ. ಫಿಲ್ಟರ್ ಬದಲಿಸಿದ್ದಾಯಿತು, ಎಂಜಿನ್ ಪಂಪನ್ನೂ ಹೊಸದಾಗಿ ಹಾಕಿದ್ದಾಯಿತು; ಹಣ ಹೋಯಿತೇ ಹೊರತು ಮುಳ್ಳು ನಿಲ್ಲಲಿಲ್ಲ. ಕಾರಣ ಬಲ್ಲವರು ದಯವಿಟ್ಟು ತಿಳಿಸಿ. ಫಿಲ್ಟರ್ ನೋಡಿ ಎಂದು ಮಾತ್ರ ಯಾರೂ ಬರೆಯಬೇಡಿ.

ಕಪ್ಪತಗುಡ್ಡ:
ಸಂಶಯವೇ ಬೇಡ, ಇದು ವೇಪರ್ ಲಾಕ್. ಹೊಲದ ಪಂಪ್‌ಸೆಟ್ ಗಾಳಿ ಹಿಡಿದರೆ ನೀರು ಹೇಗೆ ತಡೆತಡೆದು ಬರುತ್ತದೆಯೋ, ಬಿಸಿಯಾದ ಹೋಸಿನಲ್ಲಿ ಪೆಟ್ರೋಲ್ ಆವಿಯಾದಾಗ ಒತ್ತಡವೂ ಹಾಗೆಯೇ ಆಗುತ್ತದೆ. ಬಂಕಿನಲ್ಲಿ ಈಗ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಈ ಎಂಜಿನ್ನಿಗೆ ತಯಾರಕರು ಒಪ್ಪಿರುವುದು ಶೇ 10ರವರೆಗೆ ಮಾತ್ರ. ಸೈಲೆನ್ಸರ್ ಬಳಿಯ ಹೋಸುಗಳಿಗೆ ಶಾಖ ತಡೆಯುವ ಕವಚ ತೊಡಿಸಿ, ಟ್ಯಾಂಕಿಗೆ ಮರಳುವ ರಿಟರ್ನ್ ಲೈನಿನಲ್ಲಿ ಕಸ ಕಟ್ಟಿದೆಯೇ ನೋಡಿ.

ನವಲೂರು:
ಬಂಕಿನ ಪೆಟ್ರೋಲನ್ನು ನಾವು ಮುಟ್ಟುವುದೇ ಇಲ್ಲ. ಸೀಲ್ ಮಾಡಿದ ಡ್ರಮ್ಮಿನ 100 ಎಲ್‌ಎಲ್ ಎಂಬ ವಿಮಾನದ ಪೆಟ್ರೋಲ್ ಹಾಕುತ್ತೇವೆ; ಅದರಲ್ಲಿ ಸೀಸವಿರುವುದರಿಂದ 25 ಗಂಟೆಗೊಮ್ಮೆ ಎಣ್ಣೆಯನ್ನೂ ಬದಲಿಸುತ್ತೇವೆ. ಇದನ್ನೆಲ್ಲ ಹೇಳಬೇಕೆಂದು ನನಗೆ ತೋಚಲಿಲ್ಲ. ಅದೂ ಅಲ್ಲದೆ, ಬೆಳಗಿನ ಆರೂವರೆಗೆ, ತಣ್ಣಗಿನ ಎಂಜಿನ್ನಿನಲ್ಲಿ, ದಿನದ ಮೊದಲ ಹಾರಾಟದಲ್ಲಿಯೇ ಹೀಗಾಗುತ್ತಿದೆ.

ಕಪ್ಪತಗುಡ್ಡ:
ಹೊರಗೆ ತಂಪಿದ್ದರೂ ಪೂರ್ಣ ಶಕ್ತಿಯಲ್ಲಿ ಏರುವಾಗ ಕೌಲಿಂಗ್, ಅಂದರೆ ಎಂಜಿನ್ ಮುಚ್ಚುವ ಹೊದಿಕೆಯ ಒಳಗೆ ತಂಪಿರುವುದಿಲ್ಲ. ಕವಚ ತೊಡಿಸಿಯೇ ನೋಡಿ.

ಬೆಟಗೇರಿ:
2 ಪಿಎಸ್‌ಐಗೆ ಇಷ್ಟು ಗಾಬರಿ ಏಕೆ? ನಾನು ಕಲಿತ ಪೈಪರ್ ವಿಮಾನದ ಲೈಕಮಿಂಗ್ ಎಂಜಿನ್ನಿಗೆ ಮಾಪಕದ ಹಸಿರು ಪಟ್ಟಿ, ಅಂದರೆ ಸುರಕ್ಷಿತ ಮಿತಿ, 0.5ರಿಂದ 8ರವರೆಗೆ ಇತ್ತು. ಮುಳ್ಳು ಅದರೊಳಗೆ ಎಲ್ಲಿ ಅಲೆದಾಡಿದರೂ ನಮ್ಮ ಬೋಧಕರು ತಿರುಗಿ ನೋಡುತ್ತಿರಲಿಲ್ಲ.

ಸಾಧನಕೇರಿ:
ಬೆಟಗೇರಿಯವರೇ, ಆ ಅಂಕಿಯನ್ನು ಇಲ್ಲಿಗೆ ತರಬೇಡಿ. 912ಕ್ಕೆ ಕನಿಷ್ಠ ಒತ್ತಡ 0.15 ಬಾರ್, ಅಂದರೆ 2.2 ಪಿಎಸ್‌ಐ. ಮುಳ್ಳು ಹೇಳುವುದು ನಿಜವಾಗಿದ್ದರೆ ಇವರು ಮಿತಿಯ ಕೆಳಗೆ ಹಾರುತ್ತಿದ್ದಾರೆ, ಆದ್ದರಿಂದ ಕಾರಣ ಸಿಗುವವರೆಗೆ ವಿಮಾನ ಶೆಡ್ಡಿನಲ್ಲಿಯೇ ಇರಲಿ. ಆದರೆ ಏರಿಳಿಯುತ್ತಿರುವುದು ಒತ್ತಡವೋ, ಬರಿಯ ಮುಳ್ಳೋ ಎಂಬುದನ್ನು ಇದುವರೆಗೆ ಯಾರೂ ಕೇಳಿಲ್ಲ. ನವಲೂರಿನವರೇ, ಏರುವಾಗ ಎಲೆಕ್ಟ್ರಿಕ್ ಪಂಪ್ ಚಾಲೂ ಇರುತ್ತದೆಯೇ? ಆಗ ಇನ್ನೇನೇನು ಸ್ವಿಚ್ ಹಾಕಿರುತ್ತೀರಿ? ಸೆನ್ಸರಿಗೆ ಅರ್ಥಿಂಗ್ ಎಲ್ಲಿಂದ ಬರುತ್ತದೆ?

ನವಲೂರು:
ಮೇಡಂ, ಪಂಪ್ ಮತ್ತು ಲ್ಯಾಂಡಿಂಗ್ ದೀಪ ಎರಡನ್ನೂ ಓಟಕ್ಕೆ ಮುಂಚೆ ಹಾಕಿ, ಸಾವಿರ ಅಡಿ ದಾಟಿದ ಮೇಲೆ ಆರಿಸುತ್ತೇವೆ. ಅಲ್ಲಿಗೆ ಮುಳ್ಳು 4ಕ್ಕೆ ಮರಳುತ್ತದೆ. ಸೆನ್ಸರಿನ ಅರ್ಥಿಂಗ್ ಎಂಜಿನ್ನಿಗಿದೆ, ಮಾಪಕದ್ದು ಪ್ಯಾನೆಲ್ ಹಿಂದಿನ ಬೋಲ್ಟಿಗೆ. ದೀಪಗಳು 55 ವ್ಯಾಟಿನ ಎರಡು ಹ್ಯಾಲೊಜನ್. ಕಳೆದ ತಿಂಗಳು ಒಂದು ವರ್ಕ್‌ಶಾಪಿನವರು ಕೂಡಿಸಿಕೊಟ್ಟರು. ದೀಪಕ್ಕೂ ಇಂಧನಕ್ಕೂ ಏನು ಸಂಬಂಧ?

ಸಾಧನಕೇರಿ:
ದೀಪ ಬಂದದ್ದು ಕಳೆದ ತಿಂಗಳು, ಮುಳ್ಳು ಕುಣಿಯತೊಡಗಿದ್ದು ಮೂರು ವಾರದ ಹಿಂದೆ. ಇದನ್ನು ಮೊದಲ ಸಾಲಿನಲ್ಲಿಯೇ ಬರೆಯಬೇಕಿತ್ತು. ಎರಡನೆಯ ಪಂಪ್ ಸೇರಿಕೊಂಡಾಗ ಒತ್ತಡ ಏರಬೇಕು, ನಿಮ್ಮಲ್ಲಿ ಇಳಿಯುತ್ತಿದೆ. 0ಯಿಂದ 15 ಪಿಎಸ್‌ಐ ಅಳೆಯುವ ಸೆನ್ಸರ್ 0.5ರಿಂದ 4.5 ವೋಲ್ಟ್ ಕೊಡುತ್ತದೆ ಎಂದಿಟ್ಟುಕೊಂಡರೆ, ಒಂದು ಪಿಎಸ್‌ಐಗೆ ಸಿಗುವುದು ಸುಮಾರು 0.27 ವೋಲ್ಟ್ ಮಾತ್ರ. ಎರಡು ದೀಪಗಳ ಸುಮಾರು 8 ಆಂಪಿಯರ್ ವಿದ್ಯುತ್ತು ಮಾಪಕದ ಅದೇ ಬೋಲ್ಟಿನ ಮೂಲಕ ಬ್ಯಾಟರಿಗೆ ಮರಳುತ್ತಿದ್ದು, ಆ ಜೋಡಣೆ ಸಡಿಲವಾಗಿ ಅರ್ಧ ವೋಲ್ಟ್ ಅಲ್ಲಿಯೇ ಉಳಿದರೆ, ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗೆ ಎಲ್ಲವೂ ಸರಿಯಿದ್ದರೂ ಮಾಪಕ 2 ಪಿಎಸ್‌ಐ ಕಡಿಮೆ ತೋರಿಸುತ್ತದೆ. ಇಂಧನದ ಕೊಳವೆಗೆ ಒಂದು ಟೀ (ಮೂರು ಬಾಯಿಯ ಜೋಡಣೆ) ಹಾಕಿ ಮೆಕ್ಯಾನಿಕಲ್ ಗೇಜ್ ಕೂಡಿಸಿ, ಚಕ್ರಗಳಿಗೆ ಅಡ್ಡಕಟ್ಟೆ ಇಟ್ಟು, ಬಾಲ ಕಟ್ಟಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಎಂಜಿನ್ ಓಡಿಸಿ ನೋಡಿ. ಪಂಪ್ ಮತ್ತು ದೀಪಗಳನ್ನು ಬೇರೆ ಬೇರೆಯಾಗಿ ಹಾಕಿ. ಒಟ್ಟಿಗೆ ಹಾಕಿದರೆ ತಪ್ಪು ಯಾರದ್ದೆಂದು ತಿಳಿಯುವುದಿಲ್ಲ.

ಕಪ್ಪತಗುಡ್ಡ:
ಎಲೆಕ್ಟ್ರಿಕ್ ಪಂಪಿನ ಹೀರುವ ಬದಿಯಲ್ಲಿ ಗಾಳಿ ಸೋರುತ್ತಿದ್ದರೂ ಹೀಗೆಯೇ ಆಗಬಹುದು, ಮೇಡಂ.

ಸಾಧನಕೇರಿ:
ಆಗಬಹುದು. ಹಾಗಿದ್ದರೆ ಮೆಕ್ಯಾನಿಕಲ್ ಗೇಜ್ ಕೂಡ ನಡುಗುತ್ತದೆ.

ನವಲೂರು:
ಗೋಕುಲ ರಸ್ತೆಯ ಅಂಗಡಿಯೊಂದರಲ್ಲಿ ಹಿತ್ತಾಳೆಯ ಟೀ ಮತ್ತು ಗೇಜ್ ಸಿಕ್ಕವು. ಬರಿ ಪಂಪ್ ಹಾಕಿದಾಗ ಎರಡೂ ಮಾಪಕಗಳು 4ರಿಂದ 4.6ಕ್ಕೆ ಏರಿದವು. ದೀಪ ಹಾಕಿದ ಕ್ಷಣವೇ ಪ್ಯಾನೆಲ್ಲಿನ ಮುಳ್ಳು ಮಾತ್ರ ಎರಡೂವರೆಗೆ ಬಿದ್ದು ನಡುಗಿತು. ಮೆಕ್ಯಾನಿಕಲ್ ಗೇಜ್ ಅಲುಗಲಿಲ್ಲ. ಬೋಲ್ಟಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಅಳೆದರೆ 0.52 ವೋಲ್ಟ್. ಬಿಚ್ಚಿ ನೋಡಿದಾಗ, ದೀಪದ ವೈರಿನ ತುದಿಯ ಲೋಹದ ಬಳೆಯನ್ನು (ಥಿಂಬಲ್) ಮಾಪಕದ ಥಿಂಬಲಿನ ಅಡಿಗೆ, ಬಣ್ಣವನ್ನೂ ಕೆರೆಯದೆ, ತುರುಕಿದ್ದರು. ಬಣ್ಣ ಕೆರೆದು, ದೀಪಕ್ಕೆ ಬ್ಯಾಟರಿಯವರೆಗೆ ಬೇರೆ ವೈರ್ ಎಳೆದ ಮೇಲೆ ಮುಳ್ಳು ನಿಂತಿದೆ. ಟೀ ತೆಗೆದು, ಸೋರಿಕೆ ನೋಡಿ, ಪರವಾನಗಿ ಇರುವ ಎಂಜಿನಿಯರ್ ಸಹಿ ಮಾಡಿದ ನಂತರ ನಿನ್ನೆ ಬೆಳಿಗ್ಗೆ ಹಾರಿದೆವು, ಏರುವಾಗಲೂ 4.5 ಇತ್ತು. ಕೂದಲೆಳೆಯಷ್ಟು ಕಂಪನ ಉಳಿದಿದೆ, ಅದು ಪಂಪಿನೊಳಗಿನ ಪೊರೆಯ (ಡಯಾಫ್ರಾಮ್) ಮಿಡಿತವೇ ಇರಬಹುದೇ?

ಕಪ್ಪತಗುಡ್ಡ:
ನಿಮ್ಮ ಹಾರಾಟ ಬೆಳಿಗ್ಗೆಯದು. ಮಧ್ಯಾಹ್ನ ಎರಡು ಗಂಟೆಗೆ, ಎಂಜಿನ್ ಒಮ್ಮೆ ಬಿಸಿಯಾಗಿ ಅರ್ಧ ಗಂಟೆ ನಿಂತ ಮೇಲೆ ಮತ್ತೆ ಚಾಲೂ ಮಾಡಿ, ನೆಲದ ಮೇಲೆಯೇ ನೋಡಿ ಬರೆಯಿರಿ. ಅಲ್ಲಿಯವರೆಗೆ ನನ್ನ ಮಾತನ್ನು ಹಿಂದೆ ಪಡೆಯುವುದಿಲ್ಲ.