ಹಳೇ ಪಿಕಪ್ ಟ್ರಕ್: ತೆಗೆದುಕೊಳ್ಳೋದಾ, ಬೇಡ್ವಾ?

ಎಲ್ಲರಿಗೂ ನಮಸ್ಕಾರ. ನಾವು ಟೆಕ್ಸಸ್‌ಗೆ ಬಂದು ಆರು ವರ್ಷವಾಯಿತು. ಇಷ್ಟು ದಿನ ಒಂದೇ ಕಾರಿನಲ್ಲಿ ಸಂಸಾರ ಸಾಗಿತ್ತು. ಈಗ ಎರಡನೇ ಗಾಡಿ ಬೇಕೇ ಬೇಕು. ನಮ್ಮನೆಯವರ ಕಣ್ಣು 2018ರ ಫೋರ್ಡ್ ಎಫ್-150 ಮೇಲೆ ಬಿದ್ದಿದೆ. ನಾಲ್ಕು ಬಾಗಿಲು, 2.7 ಲೀಟರ್ ಟರ್ಬೊ, ತೊಂಬತ್ತು ಸಾವಿರ ಮೈಲಿ ಓಡಿದೆ. "ಟೆಕ್ಸಸ್‌ನಲ್ಲಿದ್ದು ಟ್ರಕ್ ಇಲ್ಲ ಅಂದ್ರೆ ಹೇಗೆ?" ಅನ್ನುವುದೇ ಅವರ ವಾದ.

ಇಂಜಿನ್ ಬಗ್ಗೆ ನನಗೆ ಜಾಸ್ತಿ ಚಿಂತೆ ಇಲ್ಲ. ನಮ್ಮ ಮೆಕ್ಯಾನಿಕ್‌ಗೆ ತೋರಿಸಿದರಾಯಿತು. ರೀಕಾಲ್ ಕೆಲಸ (ಕಂಪನಿಯೇ ದೋಷ ಒಪ್ಪಿಕೊಂಡು ಪುಕ್ಕಟೆ ಮಾಡಿಕೊಡುವ ರಿಪೇರಿ) ಬಾಕಿ ಇದೆಯಾ ಅಂತ, ಪ್ರತಿ ಗಾಡಿಗೂ ಬೇರೆಯೇ ಇರುವ ಗುರುತಿನ ಸಂಖ್ಯೆ, ವಿನ್ ನಂಬರ್, ಹಾಕಿ ಪುಕ್ಕಟೆ ನೋಡಬಹುದು. 2015ರಿಂದ ಇದರ ಬಾಡಿ ಅಲ್ಯೂಮಿನಿಯಂ. ಫ್ರೇಮ್ ಮಾತ್ರ ಸ್ಟೀಲೇ, ಹಾಗಾಗಿ ಮಿಶಿಗನ್ ಕಡೆ ಹಿಮ ಕರಗಿಸಲು ಉಪ್ಪು ಸುರಿದ ರಸ್ತೆಯಲ್ಲಿ ಓಡಿ ತುಕ್ಕು ಹಿಡಿದಿದೆಯಾ ಅಂತ ಗಾಡಿಯ ಕೆಳಗೆ ಬಗ್ಗಿ ನೋಡಬೇಕು. ಟೆಕ್ಸಸ್‌ನಲ್ಲಿ 2025ರಿಂದ ಮನೆ ಗಾಡಿಗಳಿಗೆ ವರ್ಷದ ಸೇಫ್ಟಿ ಇನ್‌ಸ್ಪೆಕ್ಷನ್ ಇಲ್ಲ. ಬ್ರೇಕು, ಟೈರು ಯಾರೋ ನೋಡಿರುತ್ತಾರೆ ಅಂತ ಸುಮ್ನೆ ಇರುವ ಹಾಗಿಲ್ಲ.

ನನ್ನ ತಕರಾರು ಬೇರೆ. ಟೆಸ್ಟ್ ಡ್ರೈವ್‌ಗೆ ಹೋದಾಗ ಚಿಕ್ಕವನ ಕಾರ್ ಸೀಟನ್ನೂ ಹೊತ್ತುಕೊಂಡು ಹೋಗಿದ್ದೆ. ಅದರ ಮೇಲಿನ ಪಟ್ಟಿ, ಟೆದರ್, ಎಲ್ಲಿಗೆ ಸಿಕ್ಕಿಸುವುದು? ಕಾರಿನಲ್ಲಾದರೆ ಹಿಂದೆ ಕೊಕ್ಕೆ ಇರುತ್ತದೆ. ಪಿಕಪ್‌ನಲ್ಲಿ ಸೀಟಿನ ಬೆನ್ನಿಗೇ ಗಾಜು. ಪಟ್ಟಿಯನ್ನು ಒಂದು ಕುಣಿಕೆಯೊಳಗೆ ತೂರಿಸಿ, ಪಕ್ಕದ ಸೀಟಿನ ಕುಣಿಕೆಗೆ ಸಿಕ್ಕಿಸಬೇಕಂತೆ. ಮಾರುವ ಹುಡುಗನಿಗೂ ಗೊತ್ತಿರಲಿಲ್ಲ. ಮ್ಯಾನ್ಯುಯಲ್ ತೆಗೆದು ಅರ್ಧ ಗಂಟೆ ಒದ್ದಾಡಿದೆವು. ಮಾರ್ಚ್‌ನಲ್ಲಿ ಅತ್ತೆ ಬರುತ್ತಾರೆ. ಮಂಡಿ ನೋವು ಇಟ್ಟುಕೊಂಡು, ಸೀರೆ ಉಟ್ಟು, ಆ ಎತ್ತರಕ್ಕೆ ಹತ್ತುವುದು ಹೇಗೆ? ಫುಟ್‌ಬೋರ್ಡ್ ಹಾಕಿಸೋಣ ಅಂತಾರೆ ಇವರು.

ಆಮೇಲೆ ಇನ್ನೊಂದು ಮಾಡಿದೆ. ನಾನು ಸ್ಟೀರಿಂಗ್ ಹಿಂದೆ ಕೂತೆ, ಇವರು ಮಗಳನ್ನು ಬಾನೆಟ್ ಮುಂದೆ ನಿಲ್ಲಿಸಿದರು. ಐದು ವರ್ಷದವಳು. ತಲೆಯ ಮೇಲಿನ ರಿಬ್ಬನ್ ಕೂಡ ಕಾಣಲಿಲ್ಲ. ಹಿಂದಿನ ಕ್ಯಾಮೆರಾ ಇದೆ, ಮುಂದಿನದು ಇಲ್ಲ. ರಸ್ತೆ ಸುರಕ್ಷತೆ ಬಗ್ಗೆ ಅಧ್ಯಯನ ಮಾಡುವ ಅಮೆರಿಕದ ಸಂಸ್ಥೆ ಐಐಎಚ್‌ಎಸ್ 2023ರಲ್ಲಿ ಹೇಳಿದ್ದೂ ಇದೇ ಎತ್ತರದ ಮಾತು: ಬಾನೆಟ್ 40 ಇಂಚಿಗಿಂತ ಎತ್ತರವಿದ್ದರೆ, 30 ಇಂಚು ಅಥವಾ ಕಡಿಮೆ ಇದ್ದು ಮೂತಿ ಇಳಿಜಾರಾಗಿರುವ ಗಾಡಿಗಿಂತ, ಗುದ್ದಿದಾಗ ನಡೆದು ಹೋಗುವವರು ಸಾಯುವ ಸಂಭವ ಸುಮಾರು 45% ಜಾಸ್ತಿ. ನಮ್ಮ ಬೀದಿಯ ಮಕ್ಕಳೆಲ್ಲ ಸೈಕಲ್ ಹೊಡೆಯುವುದು ನಮ್ಮ ಡ್ರೈವ್‌ವೇ ಮುಂದೆಯೇ.

ಗ್ಯಾರೇಜ್ ಕಥೆ ಬೇಡ ಬಿಡಿ. ಟ್ರಕ್ ಉದ್ದ 19 ಅಡಿ 4 ಇಂಚು, ನಮ್ಮ ಗ್ಯಾರೇಜ್ 20 ಅಡಿ. ಫ್ರೀಜರ್ ಬೀದಿಗೆ ಬರುತ್ತದೆ.

ಅಷ್ಟಕ್ಕೂ ಹೊರುವುದೇನು? ತೋಟಕ್ಕೆ ವರ್ಷಕ್ಕೆರಡು ಸಲ ಮಲ್ಚ್ (ಗಿಡದ ಬುಡಕ್ಕೆ ಹರಡುವ ಮರದ ಚೂರು), ರಾಜ್ಯೋತ್ಸವಕ್ಕೆ ಕುರ್ಚಿ, ಸಾಂಬಾರಿನ ಪಾತ್ರೆ. (ಟ್ರಕ್ ಇದೆ ಅಂತ ಗೊತ್ತಾದರೆ ನೀವೂ ಬಿಡುವುದಿಲ್ಲ, ಅಲ್ವಾ?) ಹೋಂಡಾ ಒಡಿಸ್ಸಿ ಅನ್ನುವ ಫ್ಯಾಮಿಲಿ ವ್ಯಾನ್‌ನಲ್ಲಿ ನಡುವಿನ ಸೀಟು ತೆಗೆದು ಹಿಂದಿನದು ಮಡಚಿದರೆ, 8 ಅಡಿ ಪ್ಲೈವುಡ್ ಹಾಳೆ ಒಳಗೇ ಮಲಗುತ್ತದೆ. ಈ ಟ್ರಕ್ಕಿನ ಐದೂವರೆ ಅಡಿ ತೊಟ್ಟಿಯಲ್ಲಿ ಅದು ಹೊರಗೆ ಚಾಚುತ್ತದೆ. ಇದನ್ನು ಹೇಳಿ "ಮಿನಿವ್ಯಾನ್" ಅಂದೆ. ಇವರ ಮುಖ ನೋಡಬೇಕಿತ್ತು. ಅವತ್ತು ರಾತ್ರಿ ಚಪಾತಿ ಒಂದೇ ತಿಂದರು.

ಪಿಕಪ್‌ನಲ್ಲಿ ಎರಡು ಮಕ್ಕಳ ಸೀಟು ಹಾಕಿ ದಿನಾ ಓಡಿಸುವವರು ಯಾರಾದರೂ ಇದ್ದೀರಾ? ಮುಂದೆ ಕ್ಯಾಮೆರಾ ಹಾಕಿಸಿದ್ದೀರಾ? ಅದು ಉಪಯೋಗಕ್ಕೆ ಬಂತಾ? ಮಾರುವವರು ಗಾಡಿಯನ್ನು ನಮಗಾಗಿ ಶನಿವಾರದ ತನಕ ಹಿಡಿದಿಟ್ಟಿದ್ದಾರೆ.