ಬಾಕ್ಸ್‌ವುಡ್ ಬೇಲಿಯಿಂದ ಬೆಕ್ಕಿನ ಮೂತ್ರದಂಥ ವಾಸನೆ: ಗಿಡದ ಗುಣವೋ, ರೋಗವೋ?

ಪ್ರಶ್ನೆ (ಮುಂಬಾಗಿಲು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಮೆಟ್ಟಿಲಿನಿಂದ ಗೇಟಿನವರೆಗೆ, ಕಾಲುದಾರಿಯ ಎರಡೂ ಬದಿಗೆ, ಮೂರು ವರ್ಷಗಳ ಹಿಂದೆ ಬಾಕ್ಸ್‌ವುಡ್ ಗಿಡಗಳನ್ನು ಸಾಲಾಗಿ ನೆಡಿಸಿದೆವು. ಆಗ ಗೇಣುದ್ದ ಇದ್ದ ಸಸಿಗಳು ಈಗ ಒಂದಡಿಗಿಂತ ತುಸು ಎತ್ತರಕ್ಕೆ, ಕೈ ತೂರದಷ್ಟು ದಟ್ಟವಾಗಿ ಬೆಳೆದಿವೆ. ನೋಡಲು ಬಹಳ ಚೆಂದ. ಆದರೆ ಕಳೆದ ಬೇಸಿಗೆಯಿಂದ ಬಾಗಿಲು ತೆರೆದರೆ ಸಾಕು, ಬೆಕ್ಕು ಉಚ್ಚೆ ಹೊಯ್ದಂಥ ನಾತ ಮೂಗಿಗೆ ಬಡಿಯುತ್ತದೆ. ಬೀದಿ ಬೆಕ್ಕುಗಳ ಕೆಲಸವೆಂದು ಭಾವಿಸಿ ಬುಡವನ್ನೆಲ್ಲ ತೊಳೆಸಿದೆವು, ಮೇಲ್ಮಣ್ಣು ತೆಗೆಸಿ ಹೊಸ ಮಣ್ಣು ಹಾಕಿಸಿದೆವು, ಎರಡು ರಾತ್ರಿ ಟಾರ್ಚ್ ಹಿಡಿದು ಕಾದೂ ನೋಡಿದೆವು. ಒಂದು ಬೆಕ್ಕೂ ಕಾಣಲಿಲ್ಲ, ವಾಸನೆಯೂ ಹೋಗಲಿಲ್ಲ. ಬಿಸಿಲು ಏರಿದಾಗ ಮತ್ತು ಮಳೆ ನಿಂತು ಬಿಸಿಲು ಬಿದ್ದಾಗ ಅದು ಹೆಚ್ಚುತ್ತದೆ; ಹಿಂದಿನ ವಾರ ಗಿಡಗಳ ಅಂಚು ಸವರಿಸಿದ ದಿನವಂತೂ ಕಿಟಕಿಗಳನ್ನು ಮುಚ್ಚಿ ಕೂರಬೇಕಾಯಿತು. ವಿಚಿತ್ರವೆಂದರೆ ನನ್ನ ಪತಿಗೆ ಈ ವಾಸನೆಯ ಸುಳಿವೇ ಇಲ್ಲ, ನಮ್ಮ ಅತ್ತೆಯವರಿಗೆ ಮಾತ್ರ ಅದರಿಂದ ತಲೆನೋವೇ ಬರುತ್ತದೆ. ಇದು ರೋಗವೇ, ಬೇರು ಕೊಳೆತದ್ದೇ, ಅಥವಾ ಈ ಗಿಡದ ಸ್ವಭಾವವೇ ಇಷ್ಟೇ? ತಿಳಿದವರು ದಯವಿಟ್ಟು ತಿಳಿಸಿ. ಸಸಿ ಮಾರಿದವರು ಇದರ ಬಗ್ಗೆ ಒಂದು ಮಾತನ್ನೂ ಹೇಳಿರಲಿಲ್ಲ.

ಉತ್ತರ (ಕತ್ತರಿ ಹಿಡಿದವರು)

ನಮಸ್ಕಾರ. ನೀವು ವಿವರಿಸಿದ ಮೂರು ಸಂಗತಿಗಳು, ಅಂದರೆ ಬಿಸಿಲಿಗೆ ಹೆಚ್ಚುವುದು, ಮಳೆಯ ನಂತರ ಹೆಚ್ಚುವುದು, ಕತ್ತರಿಸಿದ ದಿನ ತಡೆಯಲಾಗದಷ್ಟು ಆಗುವುದು, ಗಿಡದತ್ತಲೇ ಬೆರಳು ಮಾಡುತ್ತವೆ. ಆದರೂ ಊಹೆಯ ಮೇಲೆ ಗಿಡ ಕೀಳಬೇಡಿ, ಮೊದಲು ಪರೀಕ್ಷಿಸಿ. ಬುಡದಿಂದ ದೂರದ, ಮೇಲ್ತುದಿಯ ಆರೋಗ್ಯವಂತ ಎಲೆಗಳನ್ನು ನಾಲ್ಕೈದು ಕಿತ್ತು ಮನೆಯ ಇನ್ನೊಂದು ಬದಿಗೆ ಒಯ್ಯಿರಿ, ಅಲ್ಲಿ ಬೆರಳುಗಳ ನಡುವೆ ಚೆನ್ನಾಗಿ ಹಿಸುಕಿ ಮೂಸಿ ನೋಡಿ. ಅದೇ ವಾಸನೆ ಬಂದರೆ ಬೆಕ್ಕುಗಳ ಮೇಲಿನ ಅನುಮಾನ ಬಿಟ್ಟುಬಿಡಿ. ಎಲೆಗೆ ವಾಸನೆಯಿಲ್ಲದೆ ಬುಡದ ಮಣ್ಣೇ ನಾರುತ್ತಿದ್ದರೆ ಆಗ ನೀರು ನಿಂತು ಬೇರು ಕೊಳೆತಿದೆಯೇ ಎಂದು ಅಗೆದು ನೋಡಬೇಕು.

ನಿಮ್ಮಲ್ಲಿರುವುದು ನಿಜವಾಗಿಯೂ ಬಾಕ್ಸ್‌ವುಡ್ಡೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಅದರ ಎಲೆಗಳು ಕಡ್ಡಿಯ ಮೇಲೆ ಎದುರುಬದುರಾಗಿ, ಜೋಡಿ ಜೋಡಿಯಾಗಿ ಮೂಡುತ್ತವೆ. ಎಲೆಯ ತುದಿಯಲ್ಲಿ ಅನೇಕ ವೇಳೆ ಉಗುರಿನಿಂದ ಚಿವುಟಿದಂಥ ಚಿಕ್ಕ ಕಚ್ಚು ಕಾಣುತ್ತದೆ. ಮೇಲ್ನೋಟಕ್ಕೆ ಹಾಗೆಯೇ ಕಾಣುವ ಜಪಾನಿ ಹಾಲಿ (Japanese holly) ಎಂಬ ಬೇರೊಂದು ಗಿಡದಲ್ಲಿ ಎಲೆಗಳು ಒಂದಾದ ಮೇಲೊಂದರಂತೆ ಆಚೀಚೆ ಇರುತ್ತವೆ.

ಉತ್ತರ (ಎಲೆ ಮತ್ತು ಬೇರು)

ಹಿಂದಿನವರು ಹೇಳಿದ್ದಕ್ಕೆ ಕಾರಣವನ್ನು ಸೇರಿಸುತ್ತೇನೆ, ಏಕೆಂದರೆ ಕಾರಣ ತಿಳಿದರೆ ಪರಿಹಾರವನ್ನು ಆರಿಸುವುದು ಸುಲಭವಾಗುತ್ತದೆ. ಬಾಕ್ಸ್‌ವುಡ್ ಎಲೆಯಲ್ಲಿ ಗಂಧಕವನ್ನು ಒಳಗೊಂಡ, ಥಯೋಲ್ ಗುಂಪಿಗೆ ಸೇರಿದ ಒಂದು ಸಂಯುಕ್ತವಿದೆ. ನೀರಿನಂಥ ದ್ರವದ ಒಂದು ಲೀಟರಿನಲ್ಲಿ ಅದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟಿದ್ದರೂ ಮನುಷ್ಯರ ಮೂಗು ಅದನ್ನು ಗುರುತಿಸಬಲ್ಲದು. ಗಂಡುಬೆಕ್ಕಿನ ಮೂತ್ರದ ಕಟುವಾಸನೆಗೆ ಕಾರಣವಾದದ್ದೂ ಇದೇ ಗುಂಪಿನ ಇನ್ನೊಂದು ಸಂಯುಕ್ತ. ಆದ್ದರಿಂದ ನಿಮ್ಮ ಮೂಗು ನಿಮಗೆ ಮೋಸ ಮಾಡಿಲ್ಲ, ಆ ಎರಡು ವಾಸನೆಗಳು ಒಂದೇ ಮನೆತನದವು. ಸೋವಿನ್ಯೋ ಬ್ಲಾಂಕ್ ದ್ರಾಕ್ಷಿಯಿಂದ ತಯಾರಾಗುವ ವೈನಿನ ವಿಶಿಷ್ಟ ಪರಿಮಳದಲ್ಲಿ ಬಾಕ್ಸ್‌ವುಡ್ಡಿನ ಈ ಸಂಯುಕ್ತವೇ ಅತ್ಯಲ್ಪ ಪ್ರಮಾಣದಲ್ಲಿ ಇರುತ್ತದೆ, ಅಲ್ಲಿ ಅದನ್ನು ಜನ ಹಣ ಕೊಟ್ಟು ಸವಿಯುತ್ತಾರೆ. ಒಬ್ಬರಿಗೆ ತಲೆನೋವು ತರುವುದು ಇನ್ನೊಬ್ಬರಿಗೆ ತಿಳಿಯದೇ ಹೋಗುವುದರಲ್ಲಿಯೂ ಆಶ್ಚರ್ಯವಿಲ್ಲ. ವಾಸನೆ ಹಿಡಿಯುವ ಶಕ್ತಿ ಎಲ್ಲರಲ್ಲಿಯೂ ಒಂದೇ ಸಮನಾಗಿರುವುದಿಲ್ಲ.

ಈ ದೂರು ಹೊಸದೂ ಅಲ್ಲ. 1702ರಲ್ಲಿ ಇಂಗ್ಲೆಂಡಿನ ಸಿಂಹಾಸನವೇರಿದ ರಾಣಿ ಆನ್, ಈ ವಾಸನೆಯನ್ನು ಸಹಿಸಲಾರದೆ ಹ್ಯಾಂಪ್ಟನ್ ಕೋರ್ಟ್ ಅರಮನೆಯ ತೋಟದಿಂದ ಬಾಕ್ಸ್‌ವುಡ್ ಬೇಲಿಗಳನ್ನು ಕೀಳಿಸಿದ್ದಳು.

ಎಲ್ಲ ಜಾತಿಗಳೂ ಒಂದೇ ಮಟ್ಟಿಗೆ ನಾರುವುದಿಲ್ಲ ಎಂಬುದು ನಿಮಗೆ ಮುಖ್ಯ. ಬಕ್ಸಸ್ ಸೆಂಪರ್ವೈರೆನ್ಸ್ ಜಾತಿಯಲ್ಲಿ, ಅದರಲ್ಲಿಯೂ ಕಾಲುದಾರಿಯ ಅಂಚಿಗೆ ನೆಡುವ ಸಫ್ರುಟಿಕೋಸಾ ಎಂಬ ಗಿಡ್ಡ ತಳಿಯಲ್ಲಿ, ವಾಸನೆ ಹೆಚ್ಚು. ಸಣ್ಣೆಲೆಯ ಬಕ್ಸಸ್ ಮೈಕ್ರೋಫಿಲಾ ಮತ್ತು ಕೊರಿಯಾ ಮೂಲದ ಜಾತಿಯಲ್ಲಿ ಅದು ಕಡಿಮೆ. ಮೂರು ವರ್ಷಕ್ಕೆ ಅಷ್ಟೇ ಎತ್ತರ ಎಂದಿದ್ದೀರಿ. ಅಷ್ಟು ನಿಧಾನವಾಗಿ ಬೆಳೆದದ್ದನ್ನು ನೋಡಿದರೆ ನಿಮ್ಮದು ಸಫ್ರುಟಿಕೋಸಾ ಇರಬಹುದೆಂದು ನನಗೆ ಅನಿಸುತ್ತದೆ.

ಪ್ರಶ್ನೆ ಕೇಳಿದವರು (ಮುಂಬಾಗಿಲು)

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಎಲೆಗಳನ್ನು ಹಿತ್ತಿಲಿಗೆ ಒಯ್ದು ಹಿಸುಕಿದೆ. ಮೊದಲ ಕ್ಷಣಕ್ಕೆ ಹಸಿ ಸೊಪ್ಪಿನ ವಾಸನೆ, ಮರುಕ್ಷಣವೇ ಆ ನಾತ. ಸೋಪು ಹಾಕಿ ಕೈ ತೊಳೆದ ಮೇಲೂ ಬೆರಳ ಸಂದಿಯಲ್ಲಿ ಉಳಿದಿತ್ತು. ಎಲೆಗಳು ಜೋಡಿಯಾಗಿಯೇ ಇವೆ, ತುದಿಯಲ್ಲಿ ಕಚ್ಚೂ ಇದೆ. ಹಾಗಾದರೆ ಗಿಡದ್ದೇ ಗುಣವೆಂದು ಒಪ್ಪಿಕೊಂಡೆ. ವಸಂತದಲ್ಲಿ ಬಿಡುವ ಹಳದಿ ಮಿಶ್ರಿತ ಹಸಿರು ಹೂಗಳನ್ನು ಚಿವುಟಿ ತೆಗೆದರೆ ಕಡಿಮೆಯಾಗುತ್ತದೆ ಎಂದು ನೆರೆಯವರು ಹೇಳುತ್ತಾರೆ, ಅದು ನಿಜವೇ? ಸುಗಂಧದ ಸ್ಪ್ರೇ ಏನಾದರೂ ಉಪಯೋಗಕ್ಕೆ ಬರುತ್ತದೆಯೇ?

ಉತ್ತರ (ಕತ್ತರಿ ಹಿಡಿದವರು)

ಹೂ ಚಿವುಟುವ ಶ್ರಮ ತೆಗೆದುಕೊಳ್ಳಬೇಡಿ. ಆ ಹೂಗಳಿಗೆ ಜೇನಿನಂಥ ನವಿರಾದ ವಾಸನೆಯಿದ್ದು ಜೇನುಹುಳುಗಳೂ ಅವುಗಳತ್ತ ಬರುತ್ತವೆ; ನಿಮ್ಮ ತೊಂದರೆಯ ಮೂಲ ಎಲೆಯಲ್ಲಿದೆ. ಸ್ಪ್ರೇ ಸಿಂಪಡಿಸಿದರೆ ಎರಡು ವಾಸನೆಗಳು ಬೆರೆತು ಇನ್ನಷ್ಟು ಹೇವರಿಕೆಯಾಗುತ್ತದೆಯೇ ಹೊರತು ಮೊದಲನೆಯದು ಅಡಗುವುದಿಲ್ಲ.

ಗಿಡ ಉಳಿಸಿಕೊಳ್ಳುವುದಾದರೆ ಸವರುವ ಕೆಲಸವನ್ನು ವರ್ಷಕ್ಕೆ ಒಂದೆರಡು ಸಲಕ್ಕೆ ಇಳಿಸಿ, ಮೋಡವಿರುವ ಆದರೆ ಎಲೆ ಒಣಗಿರುವ ದಿನ ಮಾಡಿಸಿ. ಬುಡದಲ್ಲಿ ಹಳೆಯ ಬಟ್ಟೆ ಹಾಸಿ, ಬಿದ್ದ ಚೂರುಗಳನ್ನು ಅಂದೇ ಬಾಚಿ ತೆಗೆಯಿರಿ, ಏಕೆಂದರೆ ಕತ್ತರಿಸಿ ಅಲ್ಲಿಯೇ ಬಿಟ್ಟ ಎಲೆಗಳೇ ದಿನಗಟ್ಟಲೆ ನಾರುತ್ತವೆ. ಆ ಚೂರುಗಳನ್ನು ದನಕರುಗಳ ಮುಂದೆ ಖಂಡಿತ ಹಾಕಬೇಡಿ, ಸಾಕುನಾಯಿಗೂ ಸಿಗದಂತೆ ನೋಡಿಕೊಳ್ಳಿ; ಇಡೀ ಗಿಡದಲ್ಲಿ ವಿಷಕಾರಿ ಆಲ್ಕಲಾಯ್ಡ್‌ಗಳಿವೆ. ನೀರನ್ನು ಮೇಲಿನಿಂದ ಚಿಮುಕಿಸದೆ ಬುಡಕ್ಕೇ ಬಿಡಿ. ಎಲೆ ಸದಾ ಒದ್ದೆಯಿದ್ದರೆ ವಾಸನೆಯ ಮಾತು ಹಾಗಿರಲಿ, ಬಾಕ್ಸ್‌ವುಡ್ ಬ್ಲೈಟ್ ಎಂಬ ಶಿಲೀಂಧ್ರ ರೋಗಕ್ಕೆ ದಾರಿಯಾಗುತ್ತದೆ. ಎಲೆಯ ಮೇಲೆ ಕಂದು ಚುಕ್ಕೆ, ಎಳೆಯ ಕಾಂಡದ ಮೇಲೆ ಕಪ್ಪು ಗೀರು, ಆಮೇಲೆ ಎಲೆಯೆಲ್ಲ ಉದುರಿ ಬೋಳಾಗುವುದು ಅದರ ಗುರುತು.

ಇಷ್ಟಾದರೂ ವಾಸನೆ ಇಲ್ಲವಾಗುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೇ. ನಿಮ್ಮ ಅತ್ತೆಯವರಿಗೆ ತಲೆನೋವು ಬರುತ್ತಿದೆ ಎಂದ ಮೇಲೆ ನಾನಾಗಿದ್ದರೆ ಆ ಸಾಲನ್ನು ಬಾಗಿಲಿನ ಬಳಿ ಉಳಿಸಿಕೊಳ್ಳುತ್ತಿರಲಿಲ್ಲ.

ಉತ್ತರ (ಹಳೆಯ ತೋಟ)

ಕೀಳುವ ಮುನ್ನ ಒಂದು ಮಾತು. ನನಗೆ ಈ ವಾಸನೆ ಇಷ್ಟ, ನಾನು ಚಿಕ್ಕಂದಿನಲ್ಲಿ ಆಡಿದ ತೋಟದಲ್ಲಿ ಇದೇ ಗಿಡಗಳಿದ್ದವು. ಹಾಗಾಗಿ ಅವುಗಳನ್ನು ಎಸೆಯುವುದನ್ನು ಕೇಳಿದರೆ ಮನಸ್ಸಿಗೆ ನೋವಾಗುತ್ತದೆ. ಬಾಕ್ಸ್‌ವುಡ್ ಬೇರುಗಳು ಆಳಕ್ಕೆ ಇಳಿಯದೆ ಮೇಲ್ಮಣ್ಣಿನಲ್ಲಿಯೇ ಹೆಣೆದುಕೊಂಡಿರುವುದರಿಂದ, ಬಿಸಿಲು ತಗ್ಗಿದ ಕಾಲದಲ್ಲಿ ಮಣ್ಣಿನ ಹೆಂಟೆ ಒಡೆಯದಂತೆ ಅಗಲವಾಗಿ ಅಗೆದು ಎತ್ತಿದರೆ ಅವು ಬೇರೆ ಜಾಗದಲ್ಲಿ ಚೆನ್ನಾಗಿ ಹಿಡಿಯುತ್ತವೆ. ನಾನು ಎಂಟು ಗಿಡಗಳನ್ನು ಹೀಗೆ ಸ್ಥಳಾಂತರಿಸಿದ್ದೆ, ಏಳು ಬದುಕಿದವು. ಸತ್ತ ಒಂದನ್ನು ನಾನೇ ಮೊದಲಿಗಿಂತ ಎರಡು ಬೆರಳು ಆಳಕ್ಕೆ ಹೂತಿದ್ದೆ. ಕಾಂಪೌಂಡಿನ ದೂರದ ಮೂಲೆಯಲ್ಲಿ, ಕಿಟಕಿಗಳಿಲ್ಲದ ಕಡೆ, ನಿಮ್ಮವಕ್ಕೂ ಜಾಗ ಸಿಗಬಹುದು.

ಬಾಗಿಲಿನ ಬಳಿ ಜಪಾನಿ ಹಾಲಿ ನೆಡುವ ಯೋಚನೆಯಿದ್ದರೆ ಮೊದಲು ಮಣ್ಣನ್ನು ಪರೀಕ್ಷಿಸಿ. ಬಾಕ್ಸ್‌ವುಡ್ ಸುಣ್ಣದ ಅಂಶವಿರುವ ಮಣ್ಣನ್ನು ತಾಳಿಕೊಳ್ಳುತ್ತದೆ, ಹಾಲಿ ಗಿಡಕ್ಕೆ ತುಸು ಹುಳಿ ಮಣ್ಣು ಬೇಕು, ನೀರೂ ನಿಲ್ಲಬಾರದು. ಮತ್ತೆ ಬಾಕ್ಸ್‌ವುಡ್ಡನ್ನೇ, ಸಣ್ಣೆಲೆಯ ತಳಿಯನ್ನು ಕೊಳ್ಳುವುದಾದರೆ, ಬಿಸಿಲಿನ ಹೊತ್ತಿಗೆ ನರ್ಸರಿಗೆ ಹೋಗಿ ಒಂದು ಎಲೆ ಹಿಸುಕಿ ಮೂಸಿ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.