ಸಹಾಯ ಬೇಕು: ಯುಟ್ರಿಕ್ಯುಲೇರಿಯಾ ಬೀಜದಲ್ಲಿ ಆಕ್ಟಿನ್ ಎಳೆಗಳು ಕಾಣುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಗಿಡಗಳ ಕೋಶಕ್ಕೆ ಬಣ್ಣ ಹಾಕಿ ನೋಡುವ ಅಭ್ಯಾಸ ಇರುವವರು ದಯವಿಟ್ಟು ಓದಿ.

ಮಳೆಗಾಲದಲ್ಲಿ ಪಶ್ಚಿಮ ಘಟ್ಟದ ಕಲ್ಲುಬಯಲಲ್ಲಿ ಅರಳುತ್ತದಲ್ಲ, ಪುಟ್ಟ ಚೀಲಗಳಲ್ಲಿ ಹುಳ ಹಿಡಿಯುವ ಯುಟ್ರಿಕ್ಯುಲೇರಿಯಾ, ಅದರ ಎಳೆ ಬೀಜಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಎಲ್ಲರ ಕಣ್ಣೂ ಅದರ ಚೀಲದ ಮೇಲೆ. ನನಗೆ ಬೀಜದೊಳಗಿನ ಸಂಗತಿಯೇ ಜಾಸ್ತಿ ಅಚ್ಚರಿ. ಹಲವು ಜಾತಿಗಳಲ್ಲಿ ಎಂಡೋಸ್ಪರ್ಮ್‌ನ (ಬೀಜದೊಳಗೆ ಭ್ರೂಣಕ್ಕೆ ಆಹಾರ ಕೊಡುವ ಅಂಗಾಂಶ) ಒಂದು ತುದಿ ಬೀಜಾಂಡದಿಂದ ಹೊರಗೆ ಚಾಚಿ, ತಾಯಿಗಿಡದ ಪ್ಲಾಸೆಂಟಾ (ಬೀಜಾಂಡ ಅಂಟಿಕೊಂಡಿರುವ ಭಾಗ) ಕೋಶಗಳ ಜೊತೆ ಬೆರೆತುಹೋಗುತ್ತದೆ. ಆಗುವುದು ಒಂದೇ ದೊಡ್ಡ ಕೋಶ. ಅದರಲ್ಲಿ ಎಂಡೋಸ್ಪರ್ಮ್‌ನ ದೈತ್ಯ ನ್ಯೂಕ್ಲಿಯಸ್‌ಗಳು, ಪಕ್ಕದಲ್ಲೇ ತಾಯಿಯ ಚಿಕ್ಕ ನ್ಯೂಕ್ಲಿಯಸ್‌ಗಳು. ಎರಡು ತಲೆಮಾರು ಒಂದೇ ಮನೆಯಲ್ಲಿ ಇದ್ದ ಹಾಗೆ, ಅಲ್ವಾ? ಇವುಗಳ ಸುತ್ತ ಆಕ್ಟಿನ್ ಎಳೆಗಳು (ಕೋಶದ ಒಳಚೌಕಟ್ಟಿನ ಸಣ್ಣ ಪ್ರೊಟೀನ್ ಎಳೆಗಳು) ಹೇಗೆ ಹರಡಿವೆ ಎಂದು ನೋಡುವ ಆಸೆ.

ಡಿಎನ್‌ಎಗೆ ಅಂಟುವ ಡಾಪಿ ಬಣ್ಣ ಹಾಕಿದರೆ ನ್ಯೂಕ್ಲಿಯಸ್‌ಗಳು ಚೆನ್ನಾಗಿ ಹೊಳೆಯುತ್ತವೆ. ಆಕ್ಟಿನ್‌ಗೆ ಅಂಟುವ ಫ್ಯಾಲಾಯ್ಡಿನ್ ಬಣ್ಣ ಮಾತ್ರ ಸುಮ್ನೆ ಮಂಜಿನಂತೆ ಕಾಣುತ್ತದೆ, ಒಂದು ಎಳೆಯೂ ಬಿಡಿಯಾಗಿಲ್ಲ. ಅದೇ ಬಣ್ಣ ಈರುಳ್ಳಿ ಸಿಪ್ಪೆಯಲ್ಲಿ ಸರಿಯಾಗಿ ಬರುತ್ತದೆ, ಹಾಗಾಗಿ ಬಣ್ಣ ಕೆಟ್ಟಿಲ್ಲ. ಫಿಕ್ಸ್ ಮಾಡಿದ್ದು (ಕೋಶವನ್ನು ಇದ್ದ ಹಾಗೇ ಹಿಡಿದಿಟ್ಟಿದ್ದು) 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ, ಪಿಬಿಎಸ್ (ಫಾಸ್ಫೇಟ್ ಇರುವ ಉಪ್ಪುನೀರು) ಬಫರ್. ಫ್ಯಾಲಾಯ್ಡಿನ್ ಅಂಟುವುದನ್ನು ಕೆಡಿಸುತ್ತದೆ ಎಂದು ಮೆಥನಾಲ್ ಮುಟ್ಟಿಲ್ಲ.

ಪೈಪ್ಸ್ ಬಫರ್‌ಗೆ ಬದಲಾಯಿಸಲಾ? ಫಿಕ್ಸ್ ಮಾಡುವ ಮೊದಲು ಎಂಬಿಎಸ್‌ನಲ್ಲಿ (ಪ್ರೊಟೀನ್‌ಗಳನ್ನು ಒಂದಕ್ಕೊಂದು ಕಟ್ಟಿಹಾಕುವ ರಾಸಾಯನಿಕ) ನೆನೆಸಿದರೆ ಎಳೆಗಳು ಉಳಿಯುತ್ತವೆ ಎನ್ನುತ್ತಾರೆ, ಯಾರಾದರೂ ಬೀಜಾಂಡದಲ್ಲಿ ಮಾಡಿದ್ದೀರಾ? ಎಷ್ಟು ಹೊತ್ತು? ಕಾಯಿಯನ್ನು ಮೊದಲೇ ಸೀಳಬೇಕಾ, ಇಡಿಯಾಗಿ ಹಾಕಬೇಕಾ? ಈ ಹೂಗಳು ಮಳೆ ನಿಂತ ಮೇಲೆ ಸಿಗುವುದಿಲ್ಲ. ನಿಮ್ಮ ಅನುಭವ ಎಷ್ಟೇ ಚಿಕ್ಕದಾದರೂ ಬರೆಯಿರಿ.